ಕಟ್ಟಿಗಿ ಪೆಟಿಗಿ ಮ್ಯಾಲೆ ಚೀನೀ ಬಿದಿರು

ಕೈಬಳಿ ಇಡೋ ಪೆಟಿಗಿ ಇರಲಿ, ಅಡಿಗಿಮನಿ ಹಳೇ ಮಸಾಲಿ ಡಬ್ಬಿ ಇರಲಿ, ಚೀನೀ ಕುಂಚದ ಚಿತ್ರ ತೆಗೀಬೇಕಂದ್ರ ಮೊದಲು ಎಣ್ಣಿ ಜಿಡ್ಡು ಬಿಡಿಸ್ರಿ. ಸೋಡಾ ಹಾಕಿದ ಬಿಸಿನೀರಾಗ ಅರಿವಿ ಅದ್ದಿ, ಗಟ್ಟಿ ಹಿಂಡಿ ಒರಸ್ರಿ. ನೀರಾಗ ನೆನಿ ಹಾಕಬ್ಯಾಡ್ರಿ, ಹಲಗಿ ಸೊಟ್ಟ ಆಗ್ತದ. ಒಣಗಸೂದೂ ನೆರಳಾಗೇ, ನಮ್ಮ ಕಲಬುರಗಿ ಬಿಸಲಿಗೆ ಇಟ್ರ ಸಂದು ಬಿಡ್ತದ.

ಆಮ್ಯಾಲೆ ಪಾಲಿಶ್ ಪೇಪರ್. 120 ನಂಬರಿಂದ ಶುರು ಮಾಡಿ 220ಕ್ಕ, ಕಡೀಕ 320ಕ್ಕ ಬರ್ರಿ. ಕಟ್ಟಿಗಿ ಎಳಿ ಹ್ವಾದ ದಿಕ್ಕಿಗೇ ತಿಕ್ಕಬೇಕು. ಬರೇ ಕಟ್ಟಿಗಿ ಮ್ಯಾಲೆ ಮಸಿ ಇಟ್ರ ಎಳಿ ಹಿಡಕೊಂಡು ಹರೀತದ, ಬಿದಿರಿನ ಎಲಿ ಹೋಗಿ ಜೇಡನ ಕಾಲಾಗಿ ಕುಂದರ್ತದ. ಅದಕ್ಕ ಕಟ್ಟಿಗಿ ಬಣ್ಣ ಹೀರದಂಗ ಬಡಿಗ್ಯಾರು ಬಳೆಯೋ ಸೀಲರ್ ತೆಳ್ಳಗ ಎರಡು ಕೈ ಹೊಡದು, ಒಣಗಿದ ಮ್ಯಾಲೆ 320ರಿಂದ ಹಗರ್ಕ ಒಮ್ಮೆ ಎಳೀರಿ. ಗಾಜಿನಂಗ ನುಣುಪು ಬ್ಯಾಡ, ಬಣ್ಣ ನಿಲ್ಲೂದಿಲ್ಲ.

ಚೀನಾದವರು ಹೊಗಿಮಸಿಗೆ ಅಂಟು ಸೇರಿಸಿ ಮಾಡಿದ ಮಸಿಕಡ್ಡಿ ಕಲ್ಲಿನ ಮ್ಯಾಲೆ ತೇದು ಬಳಸ್ತಾರ. ಕಾಗದಕ್ಕ ಅದೇ ಚಂದ. ದಿನಾ ಕೈಯಾಡೋ ಸಾಮಾನಿಗೆ ನಾ ಹೇಳೂದು ನೀರು ಬೆರೆಸಿದ ಕಪ್ಪು ಅಕ್ರಿಲಿಕ್. ಒಣಗಿತಂದ್ರ ಒದ್ದಿ ಕೈ ತಾಗಿದ್ರೂ ಬಿಡೂದಿಲ್ಲ.

ಪ್ಲಮ್ ಹೂವು, ಆರ್ಕಿಡ್, ಬಿದಿರು, ಸೇವಂತಿಗಿ ಈ ನಾಲ್ಕೂ ಸೇರಿ ಅಲ್ಲಿ ‘ನಾಲ್ಕು ಸಜ್ಜನರು’. ಹೊಸಬರು ಬಿದಿರೇ ಹಿಡೀರಿ. ಕುಂಚ ನೆಟ್ಟಗ ನಿಲ್ಲಿಸಿ ಹಿಡಕೊಂಡು, ತೆಳು ಬಣ್ಣದಾಗ ಪೂರಾ ಅದ್ದಿ, ತುದಿಗಷ್ಟ ದಟ್ಟ ಕಪ್ಪು ತಾಗಸ್ರಿ. ಒಂದೇ ಎಳತಕ್ಕ ತಿಳಿ ಕಪ್ಪು, ಕಡು ಕಪ್ಪು ಎರಡೂ ಬರ್ತಾವ. ಕಾಂಡ ಕೆಳಗಿಂದ ಮ್ಯಾಲಕ್ಕ. ಗಿಣ್ಣು ಬಂದಲ್ಲಿ ಒತ್ತಿ, ಕುಂಚ ಎತ್ತಿ, ಕೂದಲೆಳಿಯಷ್ಟು ಜಾಗ ಬಿಟ್ಟು ಮುಂದಿನ ತುಂಡು ಎಳೀರಿ. ಎಲಿಗೆ ಒತ್ತಿ, ಎಳಕೋತ ಬಂದು, ತುದ್ಯಾಗ ಎತ್ತಿಬಿಡ್ರಿ. ಅಷ್ಟ. ತಿದ್ದಲಿಕ್ಕ ಹ್ವಾದ್ರೆ ಕಲಿಯಾಗ್ತದ, ಅದಕ್ಕ ಮೊದಲು ರದ್ದಿ ಪೇಪರ್ ಮ್ಯಾಲೆ ಕೈ ಪಳಗಿಸಿಕೊಳ್ರಿ. ಬ್ಯಾಸಗ್ಯಾಗ 40 ಡಿಗ್ರಿ ದಾಟಿದಾಗ ಬಣ್ಣ ಕುಂಚದಾಗೇ ಒಣಗ್ತದ. ಮುಂಜಾನೆ ತಂಪೊತ್ತಿಗೆ ಫ್ಯಾನ್ ಬಂದ್ ಮಾಡಿ ಕುಂದರ್ರಿ.

ಯಾದಗಿರಿ ಜಿಲ್ಲಾದ ಸುರಪುರದ ಹಳೇ ಶೈಲಿ ಚಿತ್ರ ನೋಡಿದ ಕಣ್ಣಿಗೆ ಖಾಲಿ ಜಾಗ ಕಂಡ್ರ ಕೈ ಸುಮ್ನಿರೂದಿಲ್ಲ. ಅಲ್ಲಿ ಚಿನ್ನದ ಬಣ್ಣ, ಸಣ್ಣ ಕುಸುರಿ ಒಪ್ಪತಾವ. ಇಲ್ಲಿ ಮುಚ್ಚಳದ ಮುಕ್ಕಾಲು ಖಾಲಿ ಬಿಡ್ರಿ, ಸಾಗವಾನಿ ಎಳಿನೇ ಮಂಜು, ನೀರು ಎಲ್ಲಾ ಆಗ್ತದ.

ಒಂದಿನ ಬಿಟ್ಟು ಮ್ಯಾಲೆ ನೀರಿನ ವಾರ್ನಿಶ್ ತೆಳ್ಳಗ ಎರಡು ಕೈ ಕೊಡ್ರಿ. ಡಬ್ಬಿ ಒಳಗ, ಚಪಾತಿ ಮಣಿ, ಲಟ್ಟಣಿಗಿಗೆ ಮಾತ್ರ ಸೀಲರ್, ಬಣ್ಣ ಯಾವುದೂ ತಾಗಸಬ್ಯಾಡ್ರಿ.