ಬೇಸ್ ಬಾರಿಸುವವರನ್ನೂ ಅದನ್ನು ಅಭ್ಯಸಿಸುವವರನ್ನೂ ಕೂಡಿಸಿದ್ದು

ಹುಬ್ಬಳ್ಳಿಯಲ್ಲಿ ಮದುವೆ, ಜಾತ್ರೆ, ಗಣಪತಿ ಮೆರವಣಿಗೆಗಳಿಗೆ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವುದು ನನ್ನ ಕಸುಬು. ಹೋಳಿಯ ದಿನಗಳಲ್ಲಿ ಇದೇ ಊರಿನ ಬೀದಿಗಳಿಗೆ, ಬಂಡಿಯ ಗಾಲಿಗೆ ಎಮ್ಮೆಯ ಚರ್ಮ ಬಿಗಿದು ಮಾಡಿದ ಜಗ್ಗಲಿಗೆ ಎಂಬ ದೊಡ್ಡ ಚರ್ಮವಾದ್ಯಗಳು ಉರುಳಿ ಬರುತ್ತವೆ. ಅವುಗಳ ನಾದವೂ ಬೇಸ್ ಅಂದರೆ ತಗ್ಗು ದನಿಯನ್ನು ಹೊರಡಿಸುವ ನನ್ನ 18 ಇಂಚಿನ ಸ್ಪೀಕರ್ ಪೆಟ್ಟಿಗೆಗಳ ನಾದವೂ ಕಿವಿಯಷ್ಟೇ ಎದೆಗೂ ತಾಗುವಂಥವು. ಆದರೂ ಜಗ್ಗಲಿಗೆಯ ಮೇಳದವರು, ಡಿಜೆ ಹುಡುಗರು, ಧಾರವಾಡದಲ್ಲಿ ಜಾನಪದ ಅಭ್ಯಸಿಸುವವರು ಒಂದೆಡೆ ಕುಳಿತು ಮಾತನಾಡಿದ್ದನ್ನು ನಾನು ಕಂಡಿರಲಿಲ್ಲ.

ಆಷಾಢದಲ್ಲಿ ಮದುವೆಗಳಿಲ್ಲದೆ ನಮ್ಮವರ ಕೈ ಖಾಲಿಯಿರುವುದರಿಂದ ಕೂಟಕ್ಕೆ ಆ ತಿಂಗಳನ್ನೇ ಆರಿಸಿಕೊಂಡೆ. ಸಭಾಂಗಣದಲ್ಲಿ ಮೈಕ್ ಹಿಡಿದವರದೇ ಮಾತು ನಡೆಯುತ್ತದೆ. ಆದ್ದರಿಂದ ನನ್ನ ಗೋದಾಮಿನಲ್ಲಿ ಜಮಖಾನ ಹಾಸಿ, ನಡುವೆ ವಾದ್ಯವನ್ನಿಟ್ಟು, ಮೊದಲ ಪ್ರಶ್ನೆಯನ್ನು ಬಾರಿಸುವವರೇ ಕೇಳಬೇಕೆಂದು ಗೊತ್ತುಮಾಡಿದೆ. ಚರ್ಮವಾದ್ಯದವರು ಜಾತಿಯ ಕಾರಣಕ್ಕೆ ಅಂಗಳದಾಚೆ ನಿಂತೇ ಬಾರಿಸಿದ ನೆನಪು ಇನ್ನೂ ಹಸಿಯಾಗಿರುವಾಗ, ಒಂದೇ ಜಮಖಾನ, ಒಂದೇ ಚಹಾ ಎಂಬುದು ನನಗೆ ಸಣ್ಣ ಸಂಗತಿಯಾಗಿರಲಿಲ್ಲ. ಬಂದವರಿಗೆ ಆ ದಿನದ ಕೂಲಿಯನ್ನೂ ಕೊಟ್ಟೆವು.

ಒಂದು ಸಂಜೆ ಜಿಟಿಜಿಟಿ ಮಳೆಗೆ ಹಲಿಗೆಯ ಚರ್ಮ ಸಡಿಲಾಗಿ ನಾದ ಇಳಿದಿತ್ತು. ಹಿರಿಯ ವಾದಕರೊಬ್ಬರು ಅದನ್ನು ಬೆಂಕಿಗೆ ಕಾಸುತ್ತ, ಬೆರಳಿನಿಂದ ತಟ್ಟಿ ನೋಡುತ್ತ ಹದಕ್ಕೆ ತಂದರು. ವಿದ್ಯಾರ್ಥಿನಿಯೊಬ್ಬಳು ಪ್ರತಿ ತಟ್ಟಿನ ಕಂಪನಾಂಕವನ್ನು ಮೊಬೈಲಿನಲ್ಲಿ ಅಳೆದು ಬರೆದುಕೊಂಡಳು. 'ಇಷ್ಟ ಸಾಕು, ಇನ್ನ ಕಾಸಿದ್ರ ಹರೀತೈತಿ' ಎಂದು ಅವರು ಹೇಳಿದ ಗಳಿಗೆಯನ್ನು ಅವಳು ಅಂಕಿಯ ಪಕ್ಕದಲ್ಲೇ ಗುರುತಿಸಿಕೊಂಡಳು. ಸಂಶೋಧನೆಗೆ ಬೇಕಾದ ತಿಳಿವಳಿಕೆ ಬೆರಳಿನಲ್ಲೂ ಇದೆಯೆಂದು ಎರಡೂ ಕಡೆಯವರು ಒಪ್ಪಿದ್ದು ಅಂದು.

ಡಿಜೆ ಹುಡುಗರನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಚರ್ಚೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ಹಾಕಿವೆ. ಅದನ್ನು ಅಳೆಯುವಾಗ ಮೀಟರಿನಲ್ಲಿ ಬಳಸುವ, ಕಿವಿಗೆ ಕೇಳುವಂತೆ ತಗ್ಗು ನಾದಕ್ಕೆ ಕಡಿಮೆ ತೂಕ ಕೊಡುವ 'ಎ' ಮಾಪನವು 50 ಹರ್ಟ್ಸಿನ ಬೇಸ್ ನಾದವನ್ನು ಸುಮಾರು 30 ಡೆಸಿಬೆಲ್ ಕಡಿಮೆ ಮಾಡಿ ತೋರಿಸುತ್ತದೆ, 'ಸಿ' ಮಾಪನದಲ್ಲಿ ಆ ಕಡಿತ ಸುಮಾರು ಒಂದೇ ಡೆಸಿಬೆಲ್. ಮೀಟರು ಸುಮ್ಮನಿದ್ದರೂ ಮನೆಯ ಕಿಟಕಿ ಏಕೆ ನಡುಗುತ್ತದೆಂಬ ಅವರ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಆ ನಾದದ ಒಂದು ಅಲೆಯೇ ಸುಮಾರು 7 ಮೀಟರ್ ಉದ್ದವಿರುವುದರಿಂದ ಕಿರಿದಾದ ಓಣಿಯ ಗೋಡೆ ಅದನ್ನು ತಡೆಯದು. ಈಗ ನಾವು ಕೆಲವು ಪೆಟ್ಟಿಗೆಗಳನ್ನು ಹಿಮ್ಮುಖವಾಗಿಟ್ಟು, ಅವುಗಳ ಪೊಲಾರಿಟಿಯನ್ನು, ಅಂದರೆ ಅಲೆಯ ಏರಿಳಿತವನ್ನು ತಿರುಗುಮುರುಗು ಮಾಡಿ, ಲೆಕ್ಕ ಹಾಕಿದಷ್ಟು ತಡ (ಡಿಲೇ) ಕೊಟ್ಟು, ಹಿಂಬದಿಗೆ ಹೋಗುವ ಬೇಸನ್ನು ತಗ್ಗಿಸುತ್ತೇವೆ. ಮುಂದೆ ಕುಣಿಯುವವರಿಗೆ ಹೆಚ್ಚೇನೂ ಕೊರತೆಯಾಗುವುದಿಲ್ಲ.

ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1950ರ ದಶಕದಲ್ಲಿ ಬಡವರ ಕೇರಿಗಳ ಬಯಲಲ್ಲಿ ದೊಡ್ಡ ಪೆಟ್ಟಿಗೆಗಳನ್ನು ನಿಲ್ಲಿಸಿ ಕುಣಿಸಿದವರ ಕಥೆಯನ್ನು ಸಂಶೋಧಕರೊಬ್ಬರು ವಿವರಿಸಿದರು. ರೆಗ್ಗೆ ಹಾಡುಗಳ ಬೇಸ್ ಮತ್ತು ತಾಳವನ್ನು ಮುಂದೆ ತಂದು ಮರುಮಿಶ್ರಣ ಮಾಡುವ ಡಬ್ ಸಂಗೀತಕ್ಕೆ ರೂಪ ಕೊಟ್ಟ, ಅಲ್ಲಿನ ಕಿಂಗ್ ಟಬ್ಬಿ ಮೂಲತಃ ರೇಡಿಯೋ ಮತ್ತು ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದವರೆಂದು ಕೇಳಿ, ನಮ್ಮ ರಿಪೇರಿಯ ಹುಡುಗನ ಮುಖ ಅರಳಿತು.

ಧ್ವನಿಮುದ್ರಣದ ಪ್ರತಿ ಮೊದಲು ಬಾರಿಸಿದವರಿಗೆ ಸಲ್ಲಬೇಕು, ಬರೆದದ್ದನ್ನು ಅಚ್ಚಿಗೆ ಮುನ್ನ ಅವರಿಗೆ ಓದಿ ಹೇಳಬೇಕು ಎಂಬ ಕರಾರನ್ನು ನಾನು ಇಂದಿಗೂ ಸಡಿಲಿಸಿಲ್ಲ. ಈ ಕಾರಣಕ್ಕೆ ಒಬ್ಬಿಬ್ಬರು ಸಂಶೋಧಕರು ಬರುವುದನ್ನು ನಿಲ್ಲಿಸಿದರು. ಉಳಿದವರು ಜಗ್ಗಲಿಗೆಯ ಪೆಟ್ಟುಗಳನ್ನು, ಮೇಳವನ್ನು ನಡೆಸುವ ಕಣಿಹಲಿಗೆ ಎಂಬ ಸಣ್ಣ ಚರ್ಮವಾದ್ಯದ ಸನ್ನೆಗಳನ್ನು, ಮೇಳದವರು ಕರೆಯುವ ಹೆಸರುಗಳಲ್ಲೇ ದಾಖಲಿಸುತ್ತಿದ್ದಾರೆ.