ಚೊಚ್ಚಲ ಬಾಣಂತಿ ನಾಯಿ ಮರಿಗಳನ್ನು ಹತ್ತಿರ ಸೇರಿಸದಿದ್ದಾಗ

ಮೊದಲ ಸಲ ಹಡೆದ ನಾಯಿ ಎದ್ದು ಮೂಲೆಗೆ ಹೋಗಿ ನಿಂತಿದೆ. ಚೀರುವ ಮರಿಗಳನ್ನು ಯಾರದೋ ಸಾಮಾನು ನೋಡಿದ ಹಾಗೆ ನೋಡುತ್ತಿದೆ. ಇಂಥ ಹೊತ್ತಿನಲ್ಲಿ ಮನೆಯವರು ಮಾಡುವ ಮೊದಲ ತಪ್ಪು ಅದನ್ನು ಬೈಯುವುದು, ಎರಡನೆಯದು ಕುತ್ತಿಗೆ ಹಿಡಿದು ಮರಿಗಳ ಪಕ್ಕ ಮಲಗಿಸುವುದು. ಬೈದರೆ ಅದರ ತಲೆಯಲ್ಲಿ ಮರಿಯೂ ಬೈಗುಳವೂ ಒಂದೇ ಗಂಟಾಗಿ ಕೂರುತ್ತವೆ. ಚೊಚ್ಚಲ ನಾಯಿ ಮರಿಗಳನ್ನು ದೂರ ಇಡುವುದಕ್ಕೆ ಸಾಮಾನ್ಯವಾಗಿ ನಾಲ್ಕು ಕಾರಣ: ಮರಿ ತಣ್ಣಗಾಗಿದೆ, ತಾಯಿಗೆ ಎಲ್ಲೋ ನೋವಿದೆ, ಸುತ್ತ ಗದ್ದಲವಿದೆ, ಇಲ್ಲವೇ ಸಿಸೇರಿಯನ್ ಆಗಿ ತಾನು ಹಡೆದದ್ದೇ ಅದಕ್ಕೆ ಗೊತ್ತಾಗಿಲ್ಲ. ಯಾವುದೆಂದು ನೋಡದೆ ಒತ್ತಾಯ ಮಾಡಿದರೆ ಕಡಿತ ಬೀಳುವುದು ಮರಿಗೆ.

ಮೊದಲು ಮರಿಯ ಕಾವು

ಎಲ್ಲಕ್ಕಿಂತ ಮುಂಚೆ ಮರಿಗಳನ್ನು ಒಂದು ರಟ್ಟಿನ ಡಬ್ಬಿಗೆ ತೆಗೆದುಕೊಳ್ಳಿ. ಒಂದೊಂದರ ಬಾಯಲ್ಲೂ ಕಿರುಬೆರಳು ಇಟ್ಟು ನೋಡಿ. ಬಾಯಿ ಬೆಚ್ಚಗಿದ್ದು ಬೆರಳನ್ನು ಗಟ್ಟಿಯಾಗಿ ಚೀಪಿದರೆ ಮರಿ ಚೆನ್ನಾಗಿದೆ. ಬಾಯಿ ತಣ್ಣಗಿದ್ದು, ಚೀಪದೆ ಸುಮ್ಮನೆ ಬಿದ್ದಿದ್ದರೆ ಅದು ಸೆಡೆತಿದೆ. ಮನೆಯ ಡಿಜಿಟಲ್ ಥರ್ಮಾಮೀಟರಿನ ತುದಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿ ಹಗುರಾಗಿ ಇಟ್ಟರೆ ಮೊದಲ ವಾರದಲ್ಲಿ 95ರಿಂದ 99 ಡಿಗ್ರಿ ಫ್ಯಾರನ್‌ಹೀಟ್ ತೋರಿಸಬೇಕು. 94ಕ್ಕಿಂತ ಕೆಳಗಿದ್ದ ಮರಿಗೆ ಹಾಲು ಹಾಕಲೇಬೇಡಿ. ಆ ಕಾವಿನಲ್ಲಿ ಹೊಟ್ಟೆ, ಕರುಳು ಕೆಲಸ ಮಾಡುವುದಿಲ್ಲ. ಹಾಕಿದ ಹಾಲು ಅಲ್ಲೇ ನಿಂತು ಹುಳಿಯುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿಯುತ್ತದೆ.

ತಣ್ಣಗಾದ ಮರಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿ ಇಟ್ಟುಕೊಳ್ಳುವುದೇ ಉತ್ತಮ. ಒಂದರಿಂದ ಮೂರು ತಾಸು ಹಿಡಿಯಲಿ, ಅವಸರ ಬೇಡ. ಬಿಸಿನೀರಿನಲ್ಲಿ ಅದ್ದುವುದು, ಒಲೆಯ ಮುಂದೆ ಹಿಡಿಯುವುದು ಬೇಡವೇ ಬೇಡ. ತಣ್ಣಗಿನ ಮರಿ ತಾಯಿಯ ಮೂಗಿಗೆ ಸತ್ತ ಮರಿಯೇ. ಮೂತಿಯಿಂದ ಆಚೆ ತಳ್ಳುತ್ತದೆ. ಬೆಚ್ಚಗಾಗಿ ಚೀರತೊಡಗಿದ ಅದೇ ಮರಿಯನ್ನು ಮುಂದಿಟ್ಟರೆ ನೆಕ್ಕಿ ಎಳೆದುಕೊಳ್ಳುವ ನಾಯಿಗಳೂ ಇವೆ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ಮರಿಗಳು ಇರುವ ಜಾಗ ಮೊದಲ ವಾರ 29ರಿಂದ 32 ಡಿಗ್ರಿ ಸೆಲ್ಸಿಯಸ್ ಇರಬೇಕು. ಧಾರವಾಡದ ಆಷಾಢದ ಜಿಟಿಜಿಟಿ ಮಳೆಯಲ್ಲಿ, ಹುಬ್ಬಳ್ಳಿಯ ಜನವರಿ ರಾತ್ರಿಗಳಲ್ಲಿ ಬರೀ ಬಟ್ಟೆ ಹೊದಿಸಿದರೆ ಸಾಲದು. ಹಳೆಯ ಕಾಲದ 60 ವ್ಯಾಟಿನ ಬಲ್ಬನ್ನು ಎರಡು ಅಡಿ ಮೇಲೆ, ಒಂದೇ ಮೂಲೆಗೆ ಬೀಳುವಂತೆ ಕಟ್ಟಿ. ಎಲ್‌ಇಡಿ ಬಲ್ಬು ಇದಕ್ಕೆ ಬರುವುದಿಲ್ಲ, ಅದರಿಂದ ಬೆಳಕು ಮಾತ್ರ. ಕರೆಂಟು ಹೋದರೆ ಬಾಟಲಿಗೆ ಬಿಸಿನೀರು ತುಂಬಿ, ಎರಡು ಸುತ್ತು ಟವೆಲ್ ಸುತ್ತಿ ಆ ಮೂಲೆಗೇ ಇಡಿ. ಮರಿಗಳು ಒಂದರ ಮೇಲೊಂದು ಗುಡ್ಡೆಯಾಗಿದ್ದರೆ ಚಳಿಯಾಗುತ್ತಿದೆ. ಚೆಲ್ಲಾಪಿಲ್ಲಿಯಾಗಿ ಬಿದ್ದು ಅಳುತ್ತಿದ್ದರೆ ಸೆಕೆ.

ಮನುಷ್ಯರ ಬಾಣಂತನದ ರೂಢಿಯಲ್ಲಿ ಹೊರಸಿನ ಕೆಳಗೆ ಕೆಂಡ ಇಡುವುದು, ಲೋಬಾನ ಹಾಕುವುದು ನಮ್ಮ ಕಡೆ ಉಂಟು. ನಾಯಿಗೆ ಅದು ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಹೊಗೆಯ ವಾಸನೆಯಂತೂ ಮರಿಯ ಮೈವಾಸನೆಯನ್ನು ಮುಚ್ಚಿಬಿಡುತ್ತದೆ. ಕಣ್ಣು, ಕಿವಿ ಇನ್ನೂ ತೆರೆಯದ ಮರಿಗೂ ಅದರ ತಾಯಿಗೂ ಇರುವ ಗುರುತು ವಾಸನೆಯೇ. ಫಿನಾಯಿಲ್, ಡೆಟಾಲ್, ಸೆಂಟಿನ ಸೋಪು ದೂರ ಇರಲಿ ಎನ್ನುವುದೂ ಇದಕ್ಕೇ.

ಜಾಗ ಎಂಥದಿರಬೇಕು

ಜನ ಓಡಾಡುವ ಪಡಸಾಲೆ ಬೇಡ. ಮಂದ ಬೆಳಕಿನ ಒಳಕೋಣೆ ಆಗಲಿ. ಲ್ಯಾಬ್ರಡಾರ್ ಗಾತ್ರದ ನಾಯಿಗೆ 4 ಅಡಿ ಉದ್ದಗಲದ ಪೆಟ್ಟಿಗೆ, ಪೊಮೆರೇನಿಯನ್‌ಗೆ ಎರಡೂವರೆ ಅಡಿಯದು. ಗೋಡೆ ಒಂದೂವರೆ ಅಡಿ, ತಾಯಿ ದಾಟುವ ಬಾಗಿಲ ಬದಿ ಅರ್ಧ ಅಡಿ. ಒಳಗೋಡೆಗುಂಟ ನೆಲದಿಂದ 10 ಸೆಂಟಿಮೀಟರ್ ಎತ್ತರದಲ್ಲಿ, ಗೋಡೆಯಿಂದಲೂ ಅಷ್ಟೇ ದೂರದಲ್ಲಿ ಒಂದು ಪಿವಿಸಿ ಪೈಪು ಸುತ್ತ ಕೂರಿಸಿ. ತಾಯಿ ಗೋಡೆಗೆ ಒರಗಿದಾಗ ಹಿಂದೆ ಸಿಕ್ಕಿದ ಮರಿ ಅಪ್ಪಚ್ಚಿಯಾಗದೆ ಆ ಸಂದಿಯಲ್ಲಿ ಉಳಿಯುತ್ತದೆ. ಚೊಚ್ಚಲ ತಾಯಿಗೆ ಎಲ್ಲಿ ಹೇಗೆ ಮಲಗಬೇಕೆಂಬ ಅಂದಾಜು ಇರುವುದಿಲ್ಲ. ಅದರ ಕೆಳಗೆ ಮರಿ ಸತ್ತರೆ ಜನ "ಕೊಂದು ಹಾಕಿತು" ಎನ್ನುತ್ತಾರೆ. ನಿಜವಾಗಿ ಕೊರತೆ ಇದ್ದದ್ದು ಈ ಪೈಪಿನದು.

ಹಾಸಲು ಹಳೆಯ ಕೌದಿ ಎಲ್ಲರ ಕೈಗೂ ಸಿಗುತ್ತದೆ. ಆದರೆ ಅದರ ಸಡಿಲ ಹೊಲಿಗೆಯ ದಾರದಲ್ಲಿ ಮರಿಯ ಕಾಲು ಸಿಕ್ಕಿಕೊಂಡರೆ ರಾತ್ರಿ ಬೆಳಗಾಗುವುದರೊಳಗೆ ಪಾದ ನೀಲಿಗಟ್ಟುತ್ತದೆ. ಮಡಿಕೆಯಲ್ಲಿ ಮರಿ ನುಸುಳಿದರೆ ತಾಯಿಗೆ ಕಾಣದೆ ಅದರ ಮೇಲೇ ಕೂರುತ್ತದೆ. ಕೌದಿಯನ್ನು ಕೆಳಗೆ ಹಾಕಿ, ಮೇಲೆ ದಪ್ಪ ಹತ್ತಿಯ ಚಾದರ ಬಿಗಿಯಾಗಿ ಎಳೆದು ನಾಲ್ಕೂ ಅಂಚು ಸಿಕ್ಕಿಸಿ. ಬರೀ ಪೇಪರ್ ಹಾಸಿದರೆ ಕಾಲು ಜಾರಿ ಮರಿಗೆ ಮೊಲೆವರೆಗೆ ತೆವಳಲು ಆಗದು.

ಮೊದಲ ವಾರ ಒಳಗೆ ಹೋಗುವವರು ನಾಯಿ ನಂಬುವ ಒಬ್ಬಿಬ್ಬರೇ ಇರಲಿ. ಮರಿ ನೋಡಲು ಬರುವ ಓಣಿಯ ಹುಡುಗರಿಗೆ ಮೂರು ವಾರ ಬಿಟ್ಟು ಬರಲು ಹೇಳಿ. ಮುಧೋಳ ನಾಯಿಯಾದರೆ ಇನ್ನೂ ಬಿಗಿ: ಅಪರಿಚಿತರು ಮುಟ್ಟುವುದು ಅದಕ್ಕೆ ಮಾಮೂಲಿ ದಿನದಲ್ಲೇ ಆಗದು. ಹಡೆಯುವ ದಿನ ಹೋಳಿಯ ಹಲಗಿ, ಗಣಪತಿಯ ಡಿಜೆ, ದೀಪಾವಳಿಯ ಪಟಾಕಿಗೆ ಬೀಳುವಂತಿದ್ದರೆ ಮುಂಚೆಯೇ ಹಿಂಬದಿಯ ಕೋಣೆಗೆ ಬದಲಿಸಿ. ಗರ್ಭದ ಅವಧಿ ಸುಮಾರು 63 ದಿನ, ಕ್ಯಾಲೆಂಡರ್ ನೋಡಿ ಲೆಕ್ಕ ಹಾಕುವುದು ಕಷ್ಟವಲ್ಲ.

ತಾಯಿಯ ಮೈ ನೋಡಿ

ಮೊಲೆಗಳನ್ನು ಒಂದೊಂದಾಗಿ ಅಂಗೈಯಿಂದ ಮುಟ್ಟಿ. ಕಲ್ಲಿನಂತೆ ಗಟ್ಟಿ, ಬಿಸಿ, ಕೆಂಪು ಅಥವಾ ನೇರಳೆ ಬಣ್ಣ, ಹಿಂಡಿದರೆ ಕಂದು ಹಾಲು ಅಥವಾ ಕೀವು ಬಂದರೆ ಅದು ಕೆಚ್ಚಲುಬಾವು. ಮರಿ ಬಾಯಿ ಹಾಕಿದಾಗ ಜೀವ ಹೋದಂತೆ ನೋಯುವುದರಿಂದಲೇ ಗುರ್ ಎನ್ನುತ್ತಿದೆ. ಹಿಂದಿನಿಂದ ಮೊದಲಿಗೆ ಕಡುಹಸಿರು, ಆಮೇಲೆ ಕೆಂಗಂದು ಸ್ರಾವ ಬರುವುದು ಸಹಜ. ಕೊಳೆತ ವಾಸನೆ ಬಂದರೆ, ಜ್ವರ 103 ಡಿಗ್ರಿ ದಾಟಿದರೆ, ಒಳಗೆ ಕಸ (ಮಾಸು) ಉಳಿದಿರಬಹುದು ಅಥವಾ ಗರ್ಭಕೋಶಕ್ಕೆ ಸೋಂಕಾಗಿರಬಹುದು. ಇಂಥದ್ದರಲ್ಲಿ ಮರಿ ಒಪ್ಪಿಸುವ ಯಾವ ಉಪಾಯವೂ ನಡೆಯದು, ಅವತ್ತೇ ಪಶುವೈದ್ಯರಿಗೆ ತೋರಿಸಿ. ಗದಗ ಸೀಮೆಯವರಿಗೆ ಅಲ್ಲಿನ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಆಕ್ಸಿಟೋಸಿನ್ ಇಂಜೆಕ್ಷನ್ ಅನ್ನು ಅಂಗಡಿಯಿಂದ ತಂದು ಚುಚ್ಚಬೇಡಿ. ಒಳಗೆ ಇನ್ನೊಂದು ಮರಿ ಅಡ್ಡ ಸಿಕ್ಕಿದ್ದರೆ ಗರ್ಭಕೋಶವೇ ಹರಿಯಬಹುದು.

ಮರಿ ತೋರಿಸುವ ಬಗೆ

ತಾಯಿಯನ್ನು ಒಮ್ಮೆ ಹಿತ್ತಲಿಗೆ ಕರೆದೊಯ್ದು ಉಚ್ಚೆ ಮಾಡಿಸಿ, ನೀರು ಕುಡಿಸಿ, ಬೆಚ್ಚಗಿನ ಊಟ ನಾಲ್ಕು ತುತ್ತು ಕೊಡಿ. ಒಬ್ಬರು ತಲೆಯ ಬದಿಗೆ ಕೂತು ಬೆಲ್ಟನ್ನು ಗಿಡ್ಡವಾಗಿ ಹಿಡಿಯಲಿ, ಇನ್ನೊಬ್ಬರ ಕೈಯಲ್ಲಿ ಮರಿ. ಆಗಲೇ ಒಮ್ಮೆ ಗುರುಗುಟ್ಟಿದ್ದರೆ ಮೂತಿಗೆ ಜಾಳಿಗೆ ಹಾಕಿ, ಆದರೆ 15 ನಿಮಿಷಕ್ಕಿಂತ ಹೆಚ್ಚು ಬೇಡ. ನಾಯಿ ಮೈ ತಣಿಸಿಕೊಳ್ಳುವುದು ನಾಲಿಗೆ ಚಾಚಿ ತೇಕುವುದರಿಂದ.

ಮೊದಲು ಒಂದೇ ಮರಿ. ಎಲ್ಲಕ್ಕಿಂತ ಬೆಚ್ಚಗಿರುವ, ಹಸಿದು ಜೋರಾಗಿ ಚೀರುವ ಮರಿಯನ್ನು ಆರಿಸಿ. ತಾಯಿಯದೇ ಹಾಲನ್ನು ಎರಡು ಹನಿ ಹಿಂಡಿ ಅದರ ಬೆನ್ನಿಗೂ ಬಾಲದ ಬುಡಕ್ಕೂ ಸವರಿ. ಹಡೆದಾಗಿನ ನೀರಿನಲ್ಲಿ ನೆನೆದ ಬಟ್ಟೆ ಇದ್ದರೆ ಅದರಿಂದ ಒರೆಸಿದರೆ ಇನ್ನೂ ಒಳ್ಳೆಯದು. ಕೆಲವರು ತುಪ್ಪ ಸವರುತ್ತಾರೆ. ನಾಯಿ ನೆಕ್ಕುವುದೇನೋ ನಿಜ, ಆದರೆ ಅದು ನೆಕ್ಕುವುದು ತುಪ್ಪವನ್ನು. ಮರಿಯ ಮುಖದ ಬದಲು ಹಿಂಭಾಗವನ್ನು ತಾಯಿಯ ಮೂಗಿಗೆ ಒಂದು ಗೇಣು ದೂರ ಹಿಡಿಯಿರಿ, ಏಕೆಂದರೆ ತಾಯಿ ನೆಕ್ಕಿ ಉಚ್ಚೆ, ಹೇಲು ಮಾಡಿಸುವುದು ಅಲ್ಲಿಯೇ.

ಈಗ ಮರಿಯನ್ನಲ್ಲ, ತಾಯಿಯನ್ನು ನೋಡಿ. ಕಿವಿ ಹಿಂದಕ್ಕೆ ಸಡಿಲವಾಗಿ, ಮೂಗು ಅರಳಿಸಿ, ಒಂದು ಸಲ ನಾಲಿಗೆ ಹಾಕಿತೆಂದರೆ ಮೆಲ್ಲಗೆ ಹೆಸರು ಕರೆದು ಮೈದಡವಿ. ಮುಖ ತಿರುಗಿಸಿದರೂ ಚಿಂತೆಯಿಲ್ಲ. ಆದರೆ ಮೈ ಸೆಟೆದು ಉಸಿರು ಬಿಗಿಹಿಡಿದರೆ, ತುಟಿ ಮೇಲೇರಿದರೆ, ಕಣ್ಣಿನ ಬಿಳಿ ಅಂಚು ಕಾಣಿಸಿದರೆ ಮರಿಯನ್ನು ಆ ಕ್ಷಣ ತೆಗೆಯಿರಿ. ಇದರ ನಂತರದ ಹೆಜ್ಜೆ ಕಚ್ಚುವುದು.

ಮುಖ ತಿರುಗಿಸಿದ ನಾಯಿಯನ್ನು ಮೆಲ್ಲಗೆ ಮಗ್ಗುಲಿಗೆ ಮಲಗಿಸಿ ಹಿಂಗಾಲ ಹತ್ತಿರದ ಮೊಲೆಗೆ ಮರಿಯನ್ನು ಹಚ್ಚಿ. ಹಾಲು ಹೆಚ್ಚಿರುವುದು ಅಲ್ಲಿ. ಮರಿಯ ಬಾಯಿಯನ್ನು ಬೆರಳಿಂದ ತೆರೆದು, ನಾಲಿಗೆ ಮೊಲೆತೊಟ್ಟಿನ ಕೆಳಗೆ ಬರುವಂತೆ ಇಟ್ಟು, ತಲೆಯನ್ನು ಹಿಂದಿನಿಂದ ಹಗುರಾಗಿ ಆನಿಸಿ. ಕರು ಬಾಯಿ ಹಾಕಿದಾಗ ಆಕಳು ತೊರೆ ಬಿಡುವುದಿಲ್ಲವೇ, ಇಲ್ಲಿಯೂ ಅದೇ. ಮರಿ ಚೀಪಿದಂತೆ ತಾಯಿಯ ಮೈಯಲ್ಲಿ ಆಕ್ಸಿಟೋಸಿನ್ ಏರುತ್ತದೆ, ಅದು ಹಾಲನ್ನೂ ಇಳಿಸುತ್ತದೆ, ತಾಯ್ತನವನ್ನೂ ಎಬ್ಬಿಸುತ್ತದೆ. ಹತ್ತು ನಿಮಿಷದಲ್ಲಿ ತಲೆ ನೆಲಕ್ಕಿಟ್ಟು ಕಣ್ಣು ಅರೆಮುಚ್ಚಿತೆಂದರೆ ಎರಡನೆಯ ಮರಿ, ಆಮೇಲೆ ಮೂರನೆಯದು. 20–30 ನಿಮಿಷದ ಬಳಿಕ ಮರಿಗಳನ್ನು ಬೆಚ್ಚಗಿನ ಡಬ್ಬಿಗೆ ವಾಪಸು ಇಡಿ. ಹಗಲು ರಾತ್ರಿ ಎನ್ನದೆ ಎರಡು ತಾಸಿಗೊಮ್ಮೆ ಇದೇ ಕೆಲಸ. ರಾತ್ರಿ 2 ಗಂಟೆಯ ಪಾಳಿ ತಪ್ಪಿಸಿದವರ ಮನೆಯಲ್ಲೇ ಬೆಳಿಗ್ಗೆ ಒಂದು ಮರಿ ಸೋತಿರುತ್ತದೆ.

ತಾನಾಗಿ ಪೆಟ್ಟಿಗೆಗೆ ಹೋಗಿ, ಮರಿಗಳ ಹಿಂಭಾಗ ನೆಕ್ಕಿ, ಸುತ್ತು ಹಾಕಿ ಜಾಗ ನೋಡಿ ಮಲಗತೊಡಗಿದಾಗ ಬೆಲ್ಟು ಬಿಚ್ಚಿ. ಇಡೀ ಒಂದು ದಿನ ಒಮ್ಮೆಯೂ ಗುರುಗುಟ್ಟದಿದ್ದರೆ ಮಾತ್ರ ಒಂಟಿಯಾಗಿ ಬಿಡಿ. ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಮಂಚದ ಕೆಳಗೆ ಸಾಗಿಸುವುದು ದ್ವೇಷವಲ್ಲ, ಜಾಗ ಹಿಡಿಸಿಲ್ಲ ಎಂದರ್ಥ. ಆ ಮಂಚದ ಕೆಳಗೇ ಪೆಟ್ಟಿಗೆ ಇಡಿ.

ಸಿಸೇರಿಯನ್ ಆಗಿದ್ದರೆ ಅಮಲು ಪೂರ್ತಿ ಇಳಿದು, ತೂರಾಡದೆ ನಡೆಯುವವರೆಗೆ ಮರಿಗಳನ್ನು ಪಕ್ಕ ಬಿಡಬೇಡಿ. ಮುಂದಿನದೆಲ್ಲ ಮೇಲಿನಂತೆಯೇ.

ಹೊರಗಿನ ಹಾಲು

ಗಿಣ್ಣದ ಹಾಲಿನ ರೋಗನಿರೋಧಕ ಶಕ್ತಿಯನ್ನು ಮರಿಯ ಕರುಳು ಹೀರಿಕೊಳ್ಳುವುದು ಮೊದಲ ದಿನ ಮಾತ್ರ, ಅದರಲ್ಲೂ ಮೊದಲ 12 ತಾಸಿನಲ್ಲಿ ಹೆಚ್ಚು. ಹಾಗಾಗಿ ತಾಯಿ ಒಲ್ಲೆ ಎಂದರೂ ಇಬ್ಬರು ಹಿಡಿದು ಅಷ್ಟು ಹಾಲನ್ನಾದರೂ ಕುಡಿಸಿ.

ಆಮೇಲೂ ಒಪ್ಪದಿದ್ದರೆ ಅಂಗಡಿಯಲ್ಲಿ ಸಿಗುವ ನಾಯಿಮರಿ ಹಾಲಿನ ಪುಡಿ ತನ್ನಿ. ನಾಯಿಹಾಲಿಗೆ ಹೋಲಿಸಿದರೆ ಆಕಳ ಹಾಲಿನಲ್ಲಿ ಪ್ರೋಟೀನು, ಕೊಬ್ಬು ಎರಡೂ ಅರ್ಧದಷ್ಟೇ, ಲ್ಯಾಕ್ಟೋಸ್ ಜಾಸ್ತಿ. ನೀರು ಬೆರೆಸಿ ಕುಡಿಸಿದರೆ ಮರಿ ಭೇದಿಯಾಗಿ ಒಣಗುತ್ತದೆ. ಪುಡಿ ಸಿಗದ ಒಂದು ರಾತ್ರಿಯ ಮಟ್ಟಿಗೆ 240 ಮಿಲಿಲೀಟರ್ ಕೆನೆಸಹಿತ ಹಾಲು, ಮೂರು ಮೊಟ್ಟೆಯ ಹಳದಿ, ಒಂದು ದೊಡ್ಡ ಚಮಚ ಸೂರ್ಯಕಾಂತಿ ಎಣ್ಣೆ, ಚಿಟಿಕೆ ಉಪ್ಪು ಕಲಸಿ ಸೋಸಿ ಬಳಸಬಹುದು. ದಿನಕ್ಕೆ ಮರಿಯ 100 ಗ್ರಾಂ ತೂಕಕ್ಕೆ 15ರಿಂದ 20 ಮಿಲಿಲೀಟರ್ ಲೆಕ್ಕ. 400 ಗ್ರಾಂ ಮರಿಗೆ ಮೂರು ತಾಸಿಗೊಮ್ಮೆ 8–10 ಮಿಲಿಲೀಟರ್ ಬೀಳುತ್ತದೆ. ಹೊಟ್ಟೆ ಕೆಳಗಾಗಿ, ತಾಯಿಯ ಬಳಿ ಮಲಗಿದ ಹಾಗೆಯೇ ಇಟ್ಟು ಕುಡಿಸಿ. ಕೂಸಿನಂತೆ ಅಂಗಾತ ಮಲಗಿಸಿದರೆ ಹಾಲು ಪುಪ್ಪುಸಕ್ಕೆ ಹೋಗುತ್ತದೆ. ಕುಡಿಸಿದ ಮೇಲೆ ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗ ತಟ್ಟಿ ಉಚ್ಚೆ ಮಾಡಿಸಿ. ಮೂರು ವಾರದವರೆಗೆ ಅದು ತಾನಾಗಿ ಆಗುವುದಿಲ್ಲ.

ಅಡುಗೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಕ ಹಾಕಿ ಬರೆದಿಡಿ. ಮೊದಲ ದಿನ ಸ್ವಲ್ಪ ಇಳಿಯಬಹುದು. ನಂತರ ದಿನವೂ ಏರಬೇಕು, 7–10 ದಿನಕ್ಕೆ ಹುಟ್ಟಿದ ತೂಕದ ಎರಡರಷ್ಟಾಗಬೇಕು. ತಾಯಿ ಒಂದೇ ಮರಿಯನ್ನು ಪದೇ ಪದೇ ತಳ್ಳುತ್ತಿದ್ದರೆ ಅದರ ಅಂಗುಳ ನೋಡಿ. ಸೀಳಿದ್ದರೆ ಹಾಲು ಮೂಗಿನಿಂದ ಬರುತ್ತದೆ.

ತಾಯಿಯ ಊಟ, ನಡುಕ

ರೊಟ್ಟಿ ಮತ್ತು ಮಜ್ಜಿಗೆಯಲ್ಲಿ ಹಾಲು ಇಳಿಯದು. ಬೇಯಿಸಿದ ಮೊಟ್ಟೆ, ಕೋಳಿಮಾಂಸ, ಮೊಸರನ್ನ ಅಥವಾ ಮರಿಗಳ ಡಾಗ್‌ಫುಡ್ ದಿನಕ್ಕೆ ನಾಲ್ಕು ಸಲ ಕೊಡಿ. ಮೂರನೇ ವಾರಕ್ಕೆ ಊಟ ಮೊದಲಿನ ಎರಡು ಮೂರು ಪಟ್ಟು ಆಗುತ್ತದೆ. ಬಾಣಂತಿಗೆ ಮಾಡಿದ ಅಂಟಿನ ಉಂಡೆಯನ್ನು ಪ್ರೀತಿಯಿಂದ ಇದಕ್ಕೂ ಒಂದು ಹಾಕುವವರಿದ್ದಾರೆ. ಉಂಡೆಯಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. ಈರುಳ್ಳಿ, ಬೆಳ್ಳುಳ್ಳಿಯೂ ಬೇಡ.

ಚೆನ್ನಾಗಿ ಹಾಲೂಡುತ್ತಿದ್ದ ನಾಯಿ ಎರಡು ಮೂರು ವಾರದ ಹೊತ್ತಿಗೆ ಇದ್ದಕ್ಕಿದ್ದಂತೆ ಮರಿಗಳನ್ನು ಬಿಟ್ಟು ತೇಕುತ್ತ, ಕಾಲು ಸೆಟೆದು ನಡೆಯುತ್ತ, ನಡುಗತೊಡಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದಿದೆ. ಚಿಕ್ಕ ತಳಿಗಳಲ್ಲಿ, ಮರಿ ಹೆಚ್ಚಿದ್ದಾಗ ಇದು ಜಾಸ್ತಿ. ಮರಿಗಳನ್ನು ಬೇರೆ ಮಾಡಿ ಆ ತಾಸಿನಲ್ಲೇ ವೈದ್ಯರ ಬಳಿ ಒಯ್ಯಿರಿ. ಬೆಳಗಾಗಲಿ ಅಂತ ಕಾದರೆ ಫಿಟ್ಸ್ ಬಂದು ಸಾಯುತ್ತದೆ. ಇದನ್ನು ತಡೆಯಲೆಂದು ಬಸುರಿಯಿದ್ದಾಗಲೇ ಕ್ಯಾಲ್ಸಿಯಂ ಟಾನಿಕ್ ಕುಡಿಸುವುದು ತಿರುಗುಬಾಣ. ಎಲುಬಿನಿಂದ ಕ್ಯಾಲ್ಸಿಯಂ ತೆಗೆಯುವ ಮೈಯ ವ್ಯವಸ್ಥೆ ಜಡವಾಗಿ, ಬೇಕಾದಾಗ ಕೈಕೊಡುತ್ತದೆ.

ನೋವಿಲ್ಲ, ಜ್ವರವಿಲ್ಲ, ಗದ್ದಲವಿಲ್ಲ, ಆದರೂ ದಿಟ್ಟಿಸಿ ನೋಡಿ ಮರಿಯ ಮೇಲೆ ಎರಗುವ ನಾಯಿ ಅಪರೂಪಕ್ಕೆ ಇರುತ್ತದೆ. ಅದಕ್ಕೆ ಇನ್ನೊಂದು ಅವಕಾಶ ಕೊಡಬೇಡಿ. ಮರಿಗಳನ್ನು ಬಾಟಲಿಯಲ್ಲಿ ಬೆಳೆಸಿ, ತಾಯಿಯ ಹಾಲು ಬತ್ತಿದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ.