ಬಾಟ್ ಸಹಿ ಕೇಳಿದಾಗ: ಸಿಎಲ್‌ಎ ಓದುವುದು ಹೇಗೆ?

ಓಪನ್ ಸೋರ್ಸ್ ಪ್ರಾಜೆಕ್ಟ್ ಒಂದರಲ್ಲಿ ದೋಷ ಕಂಡು, ಸರಿಪಡಿಸಿ, ಪುಲ್ ರಿಕ್ವೆಸ್ಟ್ (ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸುತ್ತೀರಿ. ನಿಮಿಷದೊಳಗೆ ಉತ್ತರ ಬರುತ್ತದೆ. ಬರೆದದ್ದು ಮನುಷ್ಯರಲ್ಲ, ಬಾಟ್. ‘ಮೊದಲು ಸಿಎಲ್‌ಎಗೆ ಸಹಿ ಹಾಕಿ’ ಎಂದು ಅದು ಲಿಂಕ್ ಕೊಡುತ್ತದೆ. ಮೂರು ಸಾಲಿನ ತಿದ್ದುಪಡಿಗೆ ಎರಡು ಪುಟದ ಕರಾರು! ಎಷ್ಟೋ ಮಂದಿ ಓದದೆಯೇ ಒತ್ತಿಬಿಡುತ್ತಾರೆ. ಸಿಎಲ್‌ಎ ಎಂದರೆ ಕಾಂಟ್ರಿಬ್ಯೂಟರ್ ಲೈಸೆನ್ಸ್ ಅಗ್ರಿಮೆಂಟ್, ಕೊಡುಗೆದಾರ ಮಾಡಿಕೊಡುವ ಪರವಾನಗಿ ಕರಾರು. ಅದನ್ನು ಓದಲು ವಕೀಲರು ಬೇಕಿಲ್ಲ. ಎಲ್ಲಿ ಕಣ್ಣಿಡಬೇಕು ಎಂದು ಗೊತ್ತಿದ್ದರೆ ಹತ್ತು ನಿಮಿಷ ಸಾಕು.

ಮೊದಲ ಹೆಜ್ಜೆ: ಕ್ರಯಪತ್ರವೋ, ಜಿಪಿಎಯೋ?

ಕರಾರಿನಲ್ಲಿ ‘ಅಸೈನ್’ ಎಂಬ ಪದ ಹುಡುಕಿ. ಇದ್ದರೆ ಅದು ಸೈಟಿನ ಕ್ರಯಪತ್ರದ ಹಾಗೆ, ಕಾಪಿರೈಟ್ ನಿಮ್ಮ ಕೈಬಿಟ್ಟು ಹೋಗುತ್ತದೆ. ಜಿಸಿಸಿ ಕಂಪೈಲರ್‌ಗೆ ಕೋಡ್ ಕೊಡುವವರಿಂದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ದಶಕಗಳ ಕಾಲ ಹೀಗೆಯೇ ಬರೆಸಿಕೊಳ್ಳುತ್ತಿತ್ತು. 2021ರಲ್ಲಿ ಆ ಕಡ್ಡಾಯ ಹೋಯಿತು.

ಈಗ ಹೆಚ್ಚಾಗಿ ಕಾಣುವುದು ‘ಗ್ರ್ಯಾಂಟ್’ ಎಂಬ ಪದ. ಇದು ಜಿಪಿಎ ಕೊಟ್ಟಂತೆ. ಖಾತೆ ನಿಮ್ಮ ಹೆಸರಿನಲ್ಲೇ ಉಳಿಯುತ್ತದೆ, ವ್ಯವಹಾರದ ಅಧಿಕಾರ ಇನ್ನೊಬ್ಬರಿಗೂ ಸಿಗುತ್ತದೆ. ಒಂದೇ ವ್ಯತ್ಯಾಸ: ಜಿಪಿಎಯನ್ನು ಸಾಮಾನ್ಯವಾಗಿ ರದ್ದು ಮಾಡಬಹುದು, ಸಿಎಲ್‌ಎಯಲ್ಲಿ ‘ಇರ್‌ರಿವೋಕಬಲ್’ ಎಂದು ಬರೆದಿರುತ್ತದೆ. ಅಂದರೆ ಕೊಟ್ಟದ್ದು ಕೊಟ್ಟ ಹಾಗೆ. ಜತೆಗೆ ‘ಶಾಶ್ವತ’, ‘ಜಗತ್ತಿನಾದ್ಯಂತ’ ಎಂಬ ಪದಗಳೂ ಇರುತ್ತವೆ. ಅವು ಬರೀ ಅಲಂಕಾರವಲ್ಲ. ನಮ್ಮ 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ. 30ಎ ಸೆಕ್ಷನ್ ಈ ನಿಯಮಗಳನ್ನು ಪರವಾನಗಿಗೂ ಅನ್ವಯಿಸುತ್ತದೆ.

ಎರಡನೆಯ ಹೆಜ್ಜೆ: ‘ಸಬ್‌ಲೈಸೆನ್ಸ್’ ಎಲ್ಲಿದೆ?

ಇಡೀ ಕರಾರಿನ ಜೀವ ಇರುವುದು ಈ ಪದದಲ್ಲಿ. ಕರಾರು ಬರೆಸಿಕೊಂಡ ಕಂಪನಿ ನಿಮ್ಮ ಕೋಡನ್ನು ಮೂರನೆಯವರಿಗೆ ತನಗೆ ಬೇಕಾದ ಷರತ್ತಿನ ಮೇಲೆ ಕೊಡುವ ಅಧಿಕಾರ ಅದು. ಪ್ರಾಜೆಕ್ಟ್‌ನ ಲೈಸೆನ್ಸ್ ಇಂದು ಮುಕ್ತವಾಗಿರಬಹುದು. ಕಂಪನಿಗೆ ನೀವು ಕೊಡುವ ಹಕ್ಕು ಆ ಲೈಸೆನ್ಸಿನ ಹಂಗಿನಲ್ಲಿಲ್ಲ.

ಇದರ ಅರ್ಥ ಏನೆಂದು ಟೆರಾಫಾರ್ಮ್ ತೋರಿಸಿಕೊಟ್ಟಿತು. ಕ್ಲೌಡ್ ಸರ್ವರ್‌ಗಳನ್ನು ಕೋಡ್ ಬರೆದು ನಿಭಾಯಿಸುವ ಈ ಸಾಧನದ ಒಡೆಯ ಹ್ಯಾಶಿಕಾರ್ಪ್. ಆಗಿನ ಲೈಸೆನ್ಸ್ ಎಂಪಿಎಲ್ (ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್) 2.0. ತಿದ್ದಿದ ಕಡತಗಳನ್ನು ಹಂಚುವಾಗ ಅದೇ ಲೈಸೆನ್ಸಿನಡಿ ಹಂಚಬೇಕು ಎಂಬುದು ಅದರ ನಿಯಮ. ಹೊರಗಿನ ಕೊಡುಗೆದಾರರಿಗೆ ಆ ನಿಯಮವೇ ಭರವಸೆ. ಆದರೆ ಕಂಪನಿ ಅವರಿಂದ ಸಿಎಲ್‌ಎಗೂ ಸಹಿ ಪಡೆಯುತ್ತಿತ್ತು. 2023ರ ಆಗಸ್ಟ್ 10ರಂದು ಕಂಪನಿ ಮುಂದಿನ ಆವೃತ್ತಿಗಳನ್ನು ಬಿಸಿನೆಸ್ ಸೋರ್ಸ್ ಲೈಸೆನ್ಸ್‌ಗೆ ಬದಲಿಸುವುದಾಗಿ ಘೋಷಿಸಿತು. ಕೋಡ್ ನೋಡಬಹುದು, ಬಳಸಬಹುದು. ಕಂಪನಿಗೆ ಪೈಪೋಟಿ ಕೊಡುವ ಸೇವೆ ಮಾತ್ರ ಕಟ್ಟುವಂತಿಲ್ಲ. ನಾಲ್ಕು ವರ್ಷದ ನಂತರ ಅದೇ ಕೋಡ್ ಮತ್ತೆ ಎಂಪಿಎಲ್‌ಗೆ ಮರಳುತ್ತದೆ. ಎಂಪಿಎಲ್ ಬೇರೆಯವರ ಕೈ ಕಟ್ಟಿತ್ತು, ಸಿಎಲ್‌ಎ ಇದ್ದ ಕಂಪನಿಯ ಕೈ ಕಟ್ಟಲಿಲ್ಲ.

ಬಳಕೆದಾರರು ಹಳೆಯ ಕೋಡಿನ ಪ್ರತಿಯಿಂದ ಬೇರೆ ಪ್ರಾಜೆಕ್ಟ್ ಕವಲೊಡೆಸಿದರು. ಅದೇ ಓಪನ್‌ಟೋಫು, ಈಗ ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿದೆ. ಅಲ್ಲಿ ಸಿಎಲ್‌ಎ ಇಲ್ಲ.

ಮೂರನೆಯ ಹೆಜ್ಜೆ: ಎದುರಿಗಿರುವವರು ಯಾರು?

ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ ಕೂಡ ಸಿಎಲ್‌ಎ ಕೇಳುತ್ತದೆ. ಎಷ್ಟೋ ಕಂಪನಿಗಳ ಕರಾರು ಅದರದೇ ನಕಲು, ಹಾಗಾಗಿ ಪದಗಳಲ್ಲಿ ದೊಡ್ಡ ಭೇದ ಕಾಣದು. ಭೇದ ಇರುವುದು ಸಹಿ ಪಡೆಯುವವರಲ್ಲಿ. ಅಪಾಚೆ ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ, ಅದನ್ನು ಯಾರೂ ಕೊಳ್ಳಲಾಗದು. ಕಂಪನಿ ಮಾರಾಟವಾಗುತ್ತದೆ. ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್ 2008ರಲ್ಲಿ ಸನ್ ಕಂಪನಿಗೆ ಹೋಯಿತು, 2010ರಲ್ಲಿ ಸನ್ ಜತೆಯಲ್ಲೇ ಒರಾಕಲ್ ಪಾಲಾಯಿತು. ಹ್ಯಾಶಿಕಾರ್ಪ್ ಅನ್ನು 2025ರಲ್ಲಿ ಐಬಿಎಂ ಕೊಂಡಿತು. ಇವತ್ತಿನ ಸಂಸ್ಥಾಪಕರ ಒಳ್ಳೆಯತನ ನೋಡಿ ಸಹಿ ಹಾಕುವುದು, ನನ್ನ ಮಟ್ಟಿಗೆ, ಮನೆ ಮಾಲೀಕರ ನಗುಮುಖ ನೋಡಿ ಬಾಡಿಗೆ ಕರಾರು ಓದದೆ ಬಿಟ್ಟಂತೆ.

ಕಂಪನಿಯೇ ಆಗಿದ್ದರೆ, ಅದು ತನಗೂ ಏನಾದರೂ ಷರತ್ತು ಹಾಕಿಕೊಂಡಿದೆಯೇ ನೋಡಿ. ಒಳ್ಳೆಯ ಮಾದರಿ ಕ್ಯೂಟಿ, ತಂತ್ರಾಂಶಗಳ ಕಿಟಕಿ, ಗುಂಡಿಗಳನ್ನು ಕಟ್ಟುವ ಸಾಧನ. 1998ರಲ್ಲಿ ಹುಟ್ಟಿದ ಕೆಡಿಇ ಫ್ರೀ ಕ್ಯೂಟಿ ಫೌಂಡೇಶನ್ ಜತೆಗಿನ ಒಪ್ಪಂದದಂತೆ, ಕಂಪನಿ ಮುಕ್ತ ಆವೃತ್ತಿಯನ್ನು ನಿಲ್ಲಿಸಿದರೆ ಫೌಂಡೇಶನ್ ಇಡೀ ಕೋಡನ್ನು ಬಿಎಸ್‌ಡಿ ಮಾದರಿಯ ಉದಾರ ಲೈಸೆನ್ಸ್‌ನಲ್ಲಿ ಬಿಡುಗಡೆ ಮಾಡಬಹುದು. ಇಂಥ ಕಟ್ಟು ಬಲು ಅಪರೂಪ.

ಸಿಎಲ್‌ಎ ಇಲ್ಲದಿದ್ದರೆ ನಿಶ್ಚಿಂತೆಯೇ?

ಇಲ್ಲ. ಬಿಎಸ್‌ಡಿಯಂಥ ಉದಾರ ಲೈಸೆನ್ಸ್ ಇದ್ದಲ್ಲಿ, ಹೆಸರು ಮತ್ತು ಲೈಸೆನ್ಸಿನ ಪಠ್ಯ ಉಳಿಸಿಕೊಂಡು ಯಾರು ಬೇಕಾದರೂ ಮುಂದಿನ ಆವೃತ್ತಿಗೆ ಬೇಲಿ ಹಾಕಬಹುದು. 2024ರ ಮಾರ್ಚ್‌ನಲ್ಲಿ ಡೇಟಾಬೇಸ್ ತಂತ್ರಾಂಶ ರೆಡಿಸ್ ಬಿಎಸ್‌ಡಿ ಬಿಟ್ಟದ್ದು ಹಾಗೆ. ಅದರ ಕವಲಾಗಿ ವಾಲ್ಕಿ ಹುಟ್ಟಿತು. ಗಟ್ಟಿ ಕಾವಲು ಎಂದರೆ ಲಿನಕ್ಸ್ ಕರ್ನೆಲ್‌ನದು: ಹಂಚುವಾಗ ಕೋಡನ್ನು ಅದೇ ಷರತ್ತಿನಲ್ಲಿ ಮುಕ್ತವಾಗಿಡಬೇಕೆನ್ನುವ ಜಿಪಿಎಲ್ ಲೈಸೆನ್ಸ್, ಸಾವಿರಾರು ಜನರಲ್ಲಿ ಹಂಚಿಹೋದ ಕಾಪಿರೈಟ್. ಅಷ್ಟು ಜನರ ಒಪ್ಪಿಗೆ ಕೂಡಿಸುವುದು ಆಗುವ ಹೋಗುವ ಮಾತಲ್ಲ. ಅಲ್ಲಿ 2004ರಿಂದ ಇರುವುದು ಡಿಸಿಒ, ಅಂದರೆ ಡೆವಲಪರ್ ಸರ್ಟಿಫಿಕೇಟ್ ಆಫ್ ಒರಿಜಿನ್. ‘ಇದು ನನ್ನ ಕೋಡ್, ಕೊಡಲು ನನಗೆ ಹಕ್ಕಿದೆ’ ಎಂದು ಪ್ರತಿ ಕಮಿಟ್‌ಗೂ (ದಾಖಲಿಸುವ ಬದಲಾವಣೆಗೂ) ಒಂದು ಸಾಲು ಸೇರಿಸಿದರೆ ಮುಗಿಯಿತು.

ಸಹಿಗೆ ಮುನ್ನ, ಆಫೀಸಿನ ಕಡೆ ಒಮ್ಮೆ

ಬೆಂಗಳೂರಿನ ಐಟಿ ಉದ್ಯೋಗಿಗಳು ಎಡವುವುದು ಇಲ್ಲಿ. ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್‌ನಂತೆ, ಬೇರೆ ಒಪ್ಪಂದ ಇಲ್ಲದಿದ್ದರೆ ಉದ್ಯೋಗದ ಭಾಗವಾಗಿ ಬರೆದ ಕೋಡ್ ಉದ್ಯೋಗದಾತರದು. ಸಿಎಲ್‌ಎಯಲ್ಲಿ ಮಾತ್ರ ‘ನನ್ನ ಉದ್ಯೋಗದಾತರ ಅನುಮತಿ ಇದೆ’ ಎಂದು ನೀವೇ ಮಾತು ಕೊಡುತ್ತಿರುತ್ತೀರಿ. ರಾತ್ರಿ, ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಬರೆದದ್ದಾದರೂ ನೇಮಕಾತಿ ಪತ್ರದ ಷರತ್ತು ಓದಿ. ಕೆಲವು ಪತ್ರಗಳು ಅದೂ ಕಂಪನಿಯದೇ ಎನ್ನುತ್ತವೆ. ಮ್ಯಾನೇಜರ್ ಬಾಯಿಮಾತಿನಲ್ಲಿ ‘ಹೂಂ’ ಎಂದರೆ ಸಾಲದು, ಇಮೇಲ್‌ನಲ್ಲಿ ಒಪ್ಪಿಗೆ ಪಡೆಯಿರಿ. ಕಂಪನಿ ಪರವಾಗಿಯೇ ಕೊಡುಗೆ ಕೊಡುವುದಾದರೆ ಕಾರ್ಪೊರೇಟ್ ಸಿಎಲ್‌ಎ ಎಂಬ ಬೇರೆಯದೇ ಪತ್ರ ಇರುತ್ತದೆ. ಅದಕ್ಕೆ ಸಹಿ ಮಾಡಬೇಕಾದವರು ನೀವಲ್ಲ, ಕಂಪನಿಯ ಅಧಿಕೃತ ಪ್ರತಿನಿಧಿ.

ಇಷ್ಟೆಲ್ಲ ನೋಡಿ ಒಪ್ಪಿಗೆಯಾದರೆ ಗುಂಡಿ ಒತ್ತಿ. ಒತ್ತುವ ಮೊದಲು ಆ ಪುಟವನ್ನು ಪಿಡಿಎಫ್ ಮಾಡಿ, ದಿನಾಂಕ ಹಾಕಿ ಇಟ್ಟುಕೊಳ್ಳಿ. ಆ ಲಿಂಕ್‌ನಲ್ಲಿರುವ ಪಠ್ಯವನ್ನು ಕಂಪನಿ ಮುಂದೆ ಬದಲಿಸಬಹುದು, ನೀವು ಒಪ್ಪಿದ್ದು ಅಂದಿನ ಪಠ್ಯಕ್ಕೆ.